ಜ್ವರದ ನಡುವೆ ಎದ್ದ ದದ್ದು: ಔಷಧಿಯದೋ, ವೈರಸ್ಸಿನದೋ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಎರಡು ತಿಂಗಳ ಹಿಂದೆ ವಾರವಿಡೀ ಜ್ವರ, ಎಂಜಲು ನುಂಗಲೂ ಆಗದಷ್ಟು ಗಂಟಲು ನೋವು, ಕುತ್ತಿಗೆಯಲ್ಲಿ ಗಂಟುಗಳು. ಟಾನ್ಸಿಲ್ ಮೇಲೆ ಬಿಳಿ ಪದರ ಕಂಡು ಅಮಾಕ್ಸಿಸಿಲಿನ್ ಬರೆದುಕೊಟ್ಟರು. ಔಷಧಿ ಶುರುಮಾಡಿದ ಎಂಟನೆಯ ದಿನ ಎದೆಯಿಂದ ಶುರುವಾಗಿ ಮೈತುಂಬ ಕೆಂಪು ದದ್ದು, ವಿಪರೀತ ತುರಿಕೆ. ಒಬ್ಬ ವೈದ್ಯರು ‘ಪೆನಿಸಿಲಿನ್ ಅಲರ್ಜಿ, ಇನ್ನು ಮುಟ್ಟಬೇಡಿ’ ಎಂದು ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದರು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿ ‘ಇದು ಇಬಿವಿ ಎಂಬ ವೈರಸ್ಸಿನ ಜ್ವರ, ಅಲರ್ಜಿ ಅಲ್ಲವೇ ಅಲ್ಲ’ ಎಂದರು. ಹತ್ತು ದಿನದಲ್ಲಿ ಸಿಪ್ಪೆ ಎದ್ದು ದದ್ದು ಮಾಯವಾಯಿತು. ಯಾರ ಮಾತು ನಂಬಲಿ? ಇಂಥ ದದ್ದು ಅಪಾಯದ್ದು ಎಂದು ಯಾವಾಗ ತಿಳಿಯಬೇಕು? ಅವನ ತಂಗಿಗೂ ಈ ಔಷಧಿ ಕೊಡಬಾರದೇ?

ಉತ್ತರ: ಆ ಇಬ್ಬರು ವೈದ್ಯರೂ ಅರ್ಧರ್ಧ ಸರಿ. ದದ್ದು ಏಳುವುದರಲ್ಲಿ ಅಮಾಕ್ಸಿಸಿಲಿನ್‌ನ ಪಾತ್ರ ಇರಲೇ ಇಲ್ಲ ಎನ್ನುವ ಹಾಗಿಲ್ಲ. ಪಾತ್ರ ಇತ್ತು ಎಂದಮಾತ್ರಕ್ಕೆ ನಿಮ್ಮ ಮಗ ಬದುಕಿಡೀ ಪೆನಿಸಿಲಿನ್‌ಗೆ ಅಲರ್ಜಿ ಇರುವವನು ಎಂದೂ ಆಗುವುದಿಲ್ಲ. ವೈರಸ್ ಒಂದೇ ಇದ್ದಿದ್ದರೆ ಇಷ್ಟು ದದ್ದು ಏಳದೇ ಹೋಗಬಹುದಿತ್ತು; ಔಷಧಿ ಒಂದೇ ಆಗಿದ್ದರೂ ಅಷ್ಟೆ. ಎರಡೂ ಒಂದೇ ಹೊತ್ತಿಗೆ ಒಂದೇ ಮೈಯಲ್ಲಿ ಸೇರಿದವು. ಚರ್ಮದ ವೈದ್ಯರ ಮುಂದೆ ‘ಔಷಧಿಯದೋ ವೈರಸ್ಸಿನದೋ’ ಎಂಬ ಪ್ರಶ್ನೆ ಬರದ ದಿನವಿಲ್ಲ. ಎಷ್ಟೋ ಸಲ ಅದಕ್ಕೆ ಸರಿಯಾದ ಉತ್ತರ ‘ಎರಡರದೂ’ ಎಂಬುದೇ.

ನಿಮ್ಮ ಮಗನಿಗೆ ಬಂದದ್ದರ ಹೆಸರು ಇನ್ಫೆಕ್ಷಿಯಸ್ ಮಾನೊನ್ಯೂಕ್ಲಿಯೋಸಿಸ್. ಎಪ್‌ಸ್ಟೈನ್-ಬಾರ್ ವೈರಸ್, ಅಂದರೆ ಇಬಿವಿ, ಇದಕ್ಕೆ ಕಾರಣ. ಎಂಜಲಿನ ಮೂಲಕ ಹರಡುವ ಈ ವೈರಸ್ ಜಗತ್ತಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿ ತಣ್ಣಗೆ ಕುಳಿತಿದೆ. ಎಳವೆಯಲ್ಲಿ ತಗುಲಿದರೆ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಹದಿಹರೆಯದಲ್ಲಿ ಮೊದಲ ಸಲ ತಗುಲಿದರೆ ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ. ತೊಡಕೇನೆಂದರೆ, ಬಾಯಿ ತೆರೆಸಿ ನೋಡಿದರೆ ಇದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಗಂಟಲು ನೋವಿನ ತದ್ರೂಪು. ಅದೇ ಊದಿದ ಟಾನ್ಸಿಲ್, ಅದೇ ಬಿಳಿ ಪದರ, ಅದೇ ಕುತ್ತಿಗೆಯ ಗಂಟು. ಬ್ಯಾಕ್ಟೀರಿಯಾದ್ದಕ್ಕೆ ಅಮಾಕ್ಸಿಸಿಲಿನ್ ಒಳ್ಳೆಯ ಮದ್ದು, ವೈರಸ್ಸಿನದಕ್ಕೆ ಏನೂ ಉಪಯೋಗವಿಲ್ಲ. ಮೊದಲ ದಿನವೇ ಗಂಟಲಿನ ದ್ರವ ತೆಗೆದು ಪರೀಕ್ಷಿಸಿದ್ದರೆ ಚೆನ್ನಾಗಿತ್ತು. ಆದರೂ ಬರೆದುಕೊಟ್ಟವರನ್ನು ನಾನು ದೂರಲಾರೆ. ಮಾನೊನ್ಯೂಕ್ಲಿಯೋಸಿಸ್‌ನ ಸಾಮಾನ್ಯ ರಕ್ತ ಪರೀಕ್ಷೆಯೂ ಮೊದಲ ವಾರದಲ್ಲಿ ಎಷ್ಟೋ ಸಲ ‘ಇಲ್ಲ’ ಎಂದೇ ತೋರಿಸುತ್ತದೆ.

ಈ ಔಷಧಿ ಮತ್ತು ಈ ಜ್ವರದ ಜೋಡಿಗೆ ಅರ್ಧ ಶತಮಾನ ಮೀರಿದ ಚರಿತ್ರೆ ಇದೆ. ಅಮಾಕ್ಸಿಸಿಲಿನ್‌ನ ಅಣ್ಣ ಎನ್ನಬಹುದಾದ ಆಂಪಿಸಿಲಿನ್ ಬಳಕೆಗೆ ಬಂದದ್ದು 1961ರಲ್ಲಿ. 1967ರ ಹೊತ್ತಿಗೆ, ಮಾನೊನ್ಯೂಕ್ಲಿಯೋಸಿಸ್ ಇದ್ದವರು ಅದನ್ನು ತೆಗೆದುಕೊಂಡರೆ ಬಹುತೇಕ ಎಲ್ಲರಿಗೂ ದದ್ದು ಏಳುತ್ತದೆ ಎಂಬ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಸ್ವಾರಸ್ಯವೆಂದರೆ, ಆ ಜ್ವರಕ್ಕೆ ಕಾರಣವಾದ ವೈರಸ್ ಯಾವುದು ಎಂದೇ ಆಗ ತಿಳಿದಿರಲಿಲ್ಲ. ಇಬಿವಿಯನ್ನು 1964ರಲ್ಲಿ ಗೆಡ್ಡೆಯೊಂದರ ಜೀವಕೋಶಗಳಲ್ಲಿ ಕಂಡಿದ್ದರು, ನಿಜ. ಮಾನೊನ್ಯೂಕ್ಲಿಯೋಸಿಸ್‌ಗೂ ಅದೇ ಮೂಲ ಎಂದು ಪ್ರಕಟವಾದದ್ದು 1968ರಲ್ಲಿ. ಅದೂ ಹೇಗೆ? ಫಿಲಡೆಲ್ಫಿಯಾದಲ್ಲಿ ಆ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ತಂತ್ರಜ್ಞೆಗೇ ಈ ಜ್ವರ ಬಂತು. ಮೊದಲು ಆಕೆಯ ರಕ್ತದಲ್ಲಿ ಇರದಿದ್ದ, ಆ ವೈರಸ್ಸಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಜ್ವರದ ನಂತರ ಕಾಣಿಸಿತು. ಅಂದರೆ ವೈರಸ್ಸಿನ ಗುರುತು ಸಿಗುವ ಮೊದಲೇ ಚರ್ಮ ಅದರ ಸುಳಿವು ಕೊಟ್ಟಾಗಿತ್ತು.

‘ಬಹುತೇಕ ಎಲ್ಲರಿಗೂ’ ಎಂಬ ಆ ಹಳೆಯ ಲೆಕ್ಕ ಈಗ ನಿಲ್ಲುವುದಿಲ್ಲ. ಇಸ್ರೇಲಿನ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಜ್ವರದ ನಡುವೆ ಅಮಾಕ್ಸಿಸಿಲಿನ್ ತೆಗೆದುಕೊಂಡವರಲ್ಲಿ ದದ್ದು ಕಂಡದ್ದು ಸುಮಾರು ಶೇ 30 ಮಂದಿಗೆ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಅದರ ಇನ್ನೊಂದು ಅಂಕಿ: ಯಾವ ಆಂಟಿಬಯಾಟಿಕನ್ನೂ ತೆಗೆದುಕೊಳ್ಳದವರಲ್ಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ದದ್ದು ಎದ್ದಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವಂಥ ಪ್ರಸಂಗಗಳು ಇವುಗಳಲ್ಲಿ ಕಡಿಮೆಯೇನಲ್ಲ.

ಎಲ್ಲವೂ ಕಾಕತಾಳೀಯವೂ ಅಲ್ಲ. ಒಳಗೆ ನಡೆಯುವುದು ಇಷ್ಟು. ಔಷಧಿಯ ಅಣುಗಳು ಗಾತ್ರದಲ್ಲಿ ಬಹಳ ಸಣ್ಣವು. ತಾವಾಗಿಯೇ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದು ಕಷ್ಟ. ಪೆನಿಸಿಲಿನ್ ಜಾತಿಯವು ನಮ್ಮ ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತವೆ. ಆ ಅಂಟಿದ ರೂಪ ಹೊಸದು, ಅಪರಿಚಿತ. ಹಾಗಿದ್ದರೂ ಸಾಮಾನ್ಯ ದಿನಗಳಲ್ಲಿ ಆ ವ್ಯವಸ್ಥೆಯ ಕಾವಲುಗಾರರಾದ ಟಿ ಕೋಶಗಳು ಅದನ್ನು ಕಂಡೂ ಕಾಣದಂತೆ ಬಿಡುತ್ತವೆ, ಏಕೆಂದರೆ ಸುತ್ತಲೂ ಅಪಾಯದ ಸದ್ದೇ ಇಲ್ಲ. ವೈರಸ್ ಹೊಕ್ಕ ದಿನಗಳಲ್ಲಿ ಹಾಗಲ್ಲ. ಎಲ್ಲೆಲ್ಲೂ ಇಂಟರ್‌ಫೆರಾನ್‌ನಂಥ ಎಚ್ಚರಿಕೆಯ ರಾಸಾಯನಿಕಗಳು, ಲಕ್ಷಗಟ್ಟಲೆ ಹೊಸ ಟಿ ಕೋಶಗಳು. ಮಾನೊನ್ಯೂಕ್ಲಿಯೋಸಿಸ್‌ನಲ್ಲಂತೂ ರಕ್ತದ ವರದಿಯಲ್ಲಿ ‘ಅಟಿಪಿಕಲ್ ಲಿಂಫೊಸೈಟ್’ ಎಂದು ಬರುವುದು ವೈರಸ್ ಹೊಕ್ಕ ಕೋಶಗಳ ಹೆಸರಲ್ಲ. ಅವುಗಳ ಬೇಟೆಗೆ ಹೊರಟ ಟಿ ಕೋಶಗಳದು. ಊರಲ್ಲಿ ಕಳ್ಳ ಹೊಕ್ಕ ರಾತ್ರಿ ದಾರಿಹೋಕನಿಗೂ ಏಟು ಬೀಳುವುದಿಲ್ಲವೇ, ಹಾಗೆ ಆ ಹೊತ್ತಿಗೆ ಬಂದ ಔಷಧಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಗದ್ದಲ ಅಡಗಿದ ಮೇಲೆ ಅದೇ ದಾರಿಹೋಕ ಹಾದುಹೋದರೆ ಯಾರೂ ತಡೆಯುವುದಿಲ್ಲ. ಈ ಜ್ವರದಲ್ಲಿ ದದ್ದು ಎದ್ದ ಹೆಚ್ಚಿನವರು ಮುಂದೊಮ್ಮೆ ಅಮಾಕ್ಸಿಸಿಲಿನ್ ತೆಗೆದುಕೊಂಡಾಗ ಏನೂ ಆಗದಿರುವುದು ಇದೇ ಕಾರಣಕ್ಕೆ. ಹೆಚ್ಚಿನವರು ಎಂದೆ, ಎಲ್ಲರೂ ಎಂದಿಲ್ಲ: ಕೆಲವರಲ್ಲಿ ಟಿ ಕೋಶಗಳು ಆ ಔಷಧಿಯ ನೆನಪನ್ನು ಉಳಿಸಿಕೊಳ್ಳುತ್ತವೆ. ಆದ್ದರಿಂದ ‘ಅಲರ್ಜಿ ಅಲ್ಲವೇ ಅಲ್ಲ’ ಎಂದ ಎರಡನೆಯ ವೈದ್ಯರ ಮಾತನ್ನೂ ಪರೀಕ್ಷಿಸದೆ ಒಪ್ಪಬೇಡಿ.

ಚಿಕ್ಕ ಮಕ್ಕಳಲ್ಲಿ ಈ ಕಥೆ ಇನ್ನೂ ಸಾಮಾನ್ಯ. ಮಗುವಿಗೆ ಜ್ವರ, ಕಿವಿನೋವು, ಆಂಟಿಬಯಾಟಿಕ್ ಶುರು, ನಾಲ್ಕನೆಯ ದಿನ ದದ್ದು ಅಥವಾ ಪಿತ್ತದ ಗಂಧೆ, ‘ಅಲರ್ಜಿ’ ಎಂಬ ಮುದ್ರೆ. ಮಕ್ಕಳಿಗೆ ಹಠಾತ್ತನೆ ಏಳುವ ಗಂಧೆಗೆ ಬಹುಪಾಲು ಕಾರಣ ವೈರಸ್ಸೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ಅಮಾಕ್ಸಿಸಿಲಿನ್ ಅಲರ್ಜಿಯ ಶಂಕೆ ಇದ್ದ 818 ಮಕ್ಕಳಿಗೆ ವೈದ್ಯರ ಕಣ್ಣೆದುರೇ ಅದೇ ಔಷಧಿ ಕುಡಿಸಿ ನೋಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 94ರಷ್ಟು ಮಕ್ಕಳಿಗೆ ಏನೂ ಆಗಲಿಲ್ಲ.

ಇನ್ನು ದದ್ದನ್ನು ನೋಡಿಯೇ ಮೂಲ ಹೇಳಬಹುದೇ? ಕೆಲವು ವೈರಸ್‌ಗಳು ತಮ್ಮ ಸಹಿ ಹಾಕಿ ಹೋಗುತ್ತವೆ. ದಡಾರದಲ್ಲಿ ಜ್ವರ, ಕೆಮ್ಮು, ಕೆಂಗಣ್ಣು ಬಂದು ಮೂರು–ನಾಲ್ಕು ದಿನಕ್ಕೆ ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ಶುರುವಾದ ದದ್ದು ಕೆಳಗಿಳಿಯುತ್ತದೆ. ಕೆನ್ನೆಯ ಒಳಗೋಡೆಯಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿರುತ್ತವೆ. ಕೂಸುಗಳ ರೋಸಿಯೋಲಾದಲ್ಲಿ ಮೂರರಿಂದ ಐದು ದಿನ ಕಾದ ಜ್ವರ ಇಳಿದ ಮೇಲೆ ದದ್ದು. ಡೆಂಗಿಯಲ್ಲಿ ಚೇತರಿಕೆಯ ಹೊತ್ತಿಗೆ ಕೆಂಪು ಬಯಲಿನ ನಡುವೆ ಬಿಳಿ ದ್ವೀಪಗಳಂತೆ ಮಾಮೂಲಿ ಚರ್ಮ ಉಳಿದಿರುತ್ತದೆ. ಪಾರ್ವೊ ವೈರಸ್ ಮಗುವಿಗೆ ಕೆನ್ನೆಗೆ ಹೊಡೆದಂತೆ ಕೆಂಪು ಮೂಡಿಸುತ್ತದೆ. ಹರ್ಪಿಸ್ ಬಂದು ಹೋದ ಮೇಲೆ ಅಂಗೈ, ಮೊಣಕೈಗಳಲ್ಲಿ ಗುರಿಹಲಗೆಯಂಥ ಉಂಗುರಗಳು ಏಳುವುದುಂಟು. ಉಳಿದ ವೈರಸ್‌ಗಳದ್ದೆಲ್ಲ ಗುರುತಿಲ್ಲದ ಕೆಂಪು ದದ್ದು. ಔಷಧಿಯ ಸಾಮಾನ್ಯ ದದ್ದೂ ಅಂಥದೇ: ಮುಂಡದಲ್ಲಿ ಶುರುವಾಗಿ ಎಡಬಲ ಸಮನಾಗಿ ಕೈಕಾಲಿಗೆ ಹರಡುತ್ತದೆ, ತುರಿಕೆ ತುಸು ಹೆಚ್ಚು. ಅದಕ್ಕೆ ನಾವು ಕೊಟ್ಟ ಹೆಸರೇ ‘ದಡಾರದ ಹಾಗಿರುವುದು’ ಎಂದು. ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಎರಡನ್ನೂ ಖಚಿತವಾಗಿ ಬೇರ್ಪಡಿಸಲಾಗದು. ಕಪ್ಪು ಅಥವಾ ಗೋಧಿ ಬಣ್ಣದ ಮೈಯಲ್ಲಿ ಕೆಂಪು ಸರಿಯಾಗಿ ಕಾಣುವುದೂ ಇಲ್ಲ; ಕಂದು ಅಥವಾ ನೇರಳೆ ಛಾಯೆ ಕಾಣಬಹುದು. ಬೆಳಕನ್ನು ಓರೆಯಾಗಿ ಬಿಟ್ಟು ಬೆರಳಾಡಿಸಿ ನೋಡುವುದೇ ಲೇಸು.

ಅದಕ್ಕೇ ನಾನು ಚರ್ಮಕ್ಕಿಂತ ಮೊದಲು ಕೇಳುವುದು ತಾರೀಖುಗಳನ್ನು. ಈ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ತರಬೇತಿಯ ದಿನಗಳಲ್ಲಿ ಜ್ವರ, ದದ್ದು, ಕುತ್ತಿಗೆಯ ಗಂಟು ಇದ್ದ ಯುವಕನೊಬ್ಬನನ್ನು ‘ವೈರಲ್’ ಎಂದು ಬರೆದು ಮೂರು ದಿನ ಪ್ಯಾರಾಸಿಟಮಾಲ್ ಕೊಟ್ಟು ಇಟ್ಟುಕೊಂಡಿದ್ದೆ. ‘ಏನಾದರೂ ಮಾತ್ರೆ ತಗೊಳ್ತಿದ್ದೀಯಾ’ ಎಂದು ಕೇಳಿದಾಗ ‘ಇಲ್ಲ’ ಎಂದಿದ್ದ. ನಾಲ್ಕನೆಯ ದಿನ ಅವನ ಅಕ್ಕ ಬಂದು, ‘ಡಾಕ್ಟ್ರೇ, ಫಿಟ್ಸ್ ಮಾತ್ರೆ ಅವನ ಜೇಬಲ್ಲೇ ಇದೆ, ದಿನಾ ತಗೊಳ್ತಿದ್ದಾನೆ’ ಎಂದಳು. ಶುರುಮಾಡಿ ಒಂದು ತಿಂಗಳಾಗಿತ್ತು. ಅದು ಹಳೆಯ ಔಷಧಿ, ಜ್ವರಕ್ಕಾಗಿ ಕೊಟ್ಟದ್ದಲ್ಲ. ಆದ್ದರಿಂದ ಅವನ ಲೆಕ್ಕದಲ್ಲಿ ಅದು ಮಾತ್ರೆಯೇ ಅಲ್ಲ. ನನ್ನ ಲೆಕ್ಕದಲ್ಲಿ ಕೊನೆಯ ವಾರದ ಮಾತ್ರೆಗಳಷ್ಟೇ ಇದ್ದವು. ಪುಣ್ಯಕ್ಕೆ ಅವನು ಚೇತರಿಸಿಕೊಂಡ. ಅಂದಿನಿಂದ ಎಂಟು ವಾರ ಹಿಂದಕ್ಕೆ ಹೋಗಿ ಒಂದೊಂದನ್ನೂ ಬರೆಸಿಕೊಳ್ಳುತ್ತೇನೆ: ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ, ಗಿಡಮೂಲಿಕೆಯ ಪುಡಿ, ಚುಚ್ಚುಮದ್ದು, ನಿಲ್ಲಿಸಿಬಿಟ್ಟ ಔಷಧಿ ಕೂಡ.

ತಾರೀಖು ಹೇಳುವುದೇನು? ಔಷಧಿ ನುಂಗಿದ ಒಂದೆರಡು ಗಂಟೆಯೊಳಗೆ ಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಅದು ತತ್‌ಕ್ಷಣದ ಅಲರ್ಜಿ. ಅಲ್ಲಿ ಚರ್ಚೆಗೆ ಸಮಯವಿಲ್ಲ, ತುರ್ತು ಚಿಕಿತ್ಸೆ ಬೇಕು. ಸಾಮಾನ್ಯ ಔಷಧಿ ದದ್ದು ಏಳುವುದು ಶುರುಮಾಡಿದ 4ರಿಂದ 14 ದಿನದೊಳಗೆ. ಮೊದಲೇ ಒಗ್ಗದೆ ಹೋದ ಔಷಧಿಯಾದರೆ ಒಂದರಿಂದ ಮೂರು ದಿನ ಸಾಕು. ನಿಮ್ಮ ಮಗನ ಎಂಟನೆಯ ದಿನ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಇನ್ನೊಂದು ಮಾತು: ಔಷಧಿ ನಿಲ್ಲಿಸಿದ ಮೇಲೂ ಎರಡು–ಮೂರು ದಿನ ದದ್ದು ಹರಡುತ್ತಲೇ ಇರಬಹುದು. ‘ನಿಲ್ಲಿಸಿದರೂ ಕಡಿಮೆಯಾಗಲಿಲ್ಲ, ಆದ್ದರಿಂದ ಔಷಧಿಯದಲ್ಲ’ ಎಂಬ ತರ್ಕ ಅಷ್ಟು ಬೇಗ ಕಟ್ಟಬೇಡಿ.

ನಾಲ್ಕು ವಾರದೊಳಗೆ ಬರುವ ಇನ್ನೊಂದಿದೆ, ಅದನ್ನು ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. 1922ರಲ್ಲಿ ಇಬ್ಬರು ಹುಡುಗರಲ್ಲಿ ಇದನ್ನು ವರ್ಣಿಸಿದ ವೈದ್ಯರ ಹೆಸರೇ ಇದಕ್ಕೆ ಉಳಿಯಿತು. ಇದರದೇ ಇನ್ನೂ ಉಗ್ರ ರೂಪ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್. 1956ರಲ್ಲಿ ಚರ್ಮವೈದ್ಯ ಅಲನ್ ಲೈಲ್ ಅದನ್ನು ಬೆಂದ ಚರ್ಮಕ್ಕೆ ಹೋಲಿಸಿದರು. ಚರ್ಮದ ಮೇಲ್ಪದರ ಸತ್ತು ಕಳಚಿಕೊಳ್ಳುತ್ತದೆ. ಮೈಯ ಶೇ 10ಕ್ಕಿಂತ ಕಡಿಮೆ ಕಳಚಿದರೆ ಮೊದಲನೆಯದು, ಶೇ 30 ಮೀರಿದರೆ ಎರಡನೆಯದು, ನಡುವಿನದು ಎರಡರ ಬೆರಕೆ. ಉಗ್ರ ರೂಪದಲ್ಲಿ ಹತ್ತಿರಹತ್ತಿರ ಮೂವರಲ್ಲಿ ಒಬ್ಬರು ಸಾಯುತ್ತಾರೆ. ಮೋಸ ಇರುವುದು ಆರಂಭದಲ್ಲಿ: ಮೊದಲ ಒಂದೆರಡು ದಿನ ಇದು ಜ್ವರ, ಗಂಟಲು ನೋವು, ಕಣ್ಣುರಿ. ಅಂದರೆ ಥೇಟ್ ವೈರಲ್ ಜ್ವರ! ಹೀಗಾಗಿ ಕೆಲವರು ಇದೇ ಜ್ವರಕ್ಕೆಂದು ಇನ್ನೊಂದು ಔಷಧಿ ತೆಗೆದುಕೊಳ್ಳುತ್ತಾರೆ, ಕೊನೆಗೆ ತಪ್ಪೆಲ್ಲ ಆ ಎರಡನೆಯ ಔಷಧಿಯ ತಲೆಗೆ ಬರುತ್ತದೆ.

ಅಪಾಯ ಯಾವಾಗ ಎಂದು ಕೇಳಿದ್ದೀರಿ. ತುರಿಕೆಗಿಂತ ನೋವಿಗೆ ಹೆದರಿ. ತುರಿಸುವ ದದ್ದು ಸಾಮಾನ್ಯವಾಗಿ ಸಾಧು. ಮುಟ್ಟಿದರೆ ಉರಿಯುವ, ನೋಯುವ ಚರ್ಮ ಕೆಟ್ಟ ಸುದ್ದಿ. ಬಾಯೊಳಗೆ ಹುಣ್ಣು, ತುಟಿಯಲ್ಲಿ ರಕ್ತ ಹೆಪ್ಪುಗಟ್ಟಿದ ಸಿಪ್ಪೆ, ಕಣ್ಣು ಕೆಂಪಾಗಿ ಬಿಡಲಾಗದಿರುವುದು, ಮೂತ್ರ ಮಾಡುವಾಗ ಉರಿ, ಗುಪ್ತಾಂಗದಲ್ಲಿ ಹುಣ್ಣು ಇವುಗಳಲ್ಲಿ ಎರಡು ಕಡೆ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೀರ್ಗುಳ್ಳೆ ಎದ್ದರೆ, ಚರ್ಮ ಬೆರಳಿಗೆ ಜಾರಿ ಬಂದರೆ, ದದ್ದಿನ ನಡುಭಾಗ ಬೂದು ಅಥವಾ ಕಡು ನೇರಳೆಗೆ ತಿರುಗಿದರೆ ಗಂಟೆಯೂ ಕಾಯುವಂತಿಲ್ಲ. ಗಾಜಿನ ಲೋಟವನ್ನು ಒತ್ತಿ ನೋಡಿದಾಗ ಮಾಸದ ಚುಕ್ಕೆಗಳು ಚರ್ಮದೊಳಗೆ ರಕ್ತ ಸೋರಿದ ಗುರುತು. ಜೊತೆಗೆ ಜ್ವರವಿದ್ದರೆ ಅದು ಬೇರೆಯದೇ ತುರ್ತು, ಮೆದುಳುಪೊರೆಯ ಬ್ಯಾಕ್ಟೀರಿಯಾ ಸೋಂಕೂ ಆಗಿರಬಹುದು. ಮುಖ, ಅದರಲ್ಲೂ ಕಣ್ಣಿನ ಸುತ್ತ ಊದಿಕೊಂಡರೆ ಮುಂದಿನ ಪ್ಯಾರಾ ಗಮನವಿಟ್ಟು ಓದಿ.

ನಾನು ‘ವೈರಲ್’ ಎಂದು ಬರೆದಿದ್ದ ಆ ಯುವಕನಿಗೆ ಆಗಿದ್ದು ಡ್ರೆಸ್ ಎಂಬ ಸಂಕ್ಷಿಪ್ತ ಹೆಸರಿನ ಕಾಯಿಲೆ. ಔಷಧಿ ಮತ್ತು ವೈರಸ್ಸಿನ ನಂಟು ಇದರಲ್ಲಿ ತಿರುಗುಮುರುಗಾಗಿದೆ, ಹಾಗಾಗಿ ಇದರ ಬಗ್ಗೆ ತುಸು ಹೆಚ್ಚು ಹೇಳುತ್ತೇನೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೀನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್, ಸಲ್ಫಾ ಔಷಧಿಗಳು, ಕುಷ್ಠರೋಗದ ಡ್ಯಾಪ್ಸೋನ್ ಇವುಗಳನ್ನು ಶುರುಮಾಡಿದ ಎರಡರಿಂದ ಎಂಟು ವಾರಕ್ಕೆ ಜ್ವರ, ದದ್ದು, ಊದಿದ ಮುಖ, ದುಗ್ಧಗ್ರಂಥಿಗಳ ಗಂಟು, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳ ಏರಿಕೆ, ಯಕೃತ್ತಿನ ಉರಿಯೂತ ಕೆಲವರಿಗೆ ಬರುತ್ತವೆ. ಮಾನೊನ್ಯೂಕ್ಲಿಯೋಸಿಸ್ ಜೊತೆ ಇಟ್ಟರೆ ಅವಳಿ ಎನ್ನಬೇಕು. ಅಟಿಪಿಕಲ್ ಲಿಂಫೊಸೈಟ್ ಕೂಡ ಎರಡರಲ್ಲೂ ಕಾಣುತ್ತದೆ. 1998ರಲ್ಲಿ ಜಪಾನಿನ ವೈದ್ಯರು ಗಮನಿಸಿದ್ದು ಇನ್ನೂ ವಿಚಿತ್ರ: ಇಂಥವರ ಮೈಯಲ್ಲಿ ಎಳವೆಯ ರೋಸಿಯೋಲಾದಿಂದ ಉಳಿದು ಮಲಗಿದ್ದ ಹರ್ಪಿಸ್ ವೈರಸ್ 6, ದದ್ದು ಎದ್ದ ಎರಡು–ಮೂರು ವಾರಕ್ಕೆ ಎಚ್ಚೆತ್ತುಕೊಳ್ಳುತ್ತದೆ. ಇಬಿವಿ, ಸೈಟೊಮೆಗಲೋ ವೈರಸ್‌ಗಳೂ ಏಳುವುದುಂಟು. ನಿಮ್ಮ ಮಗನಲ್ಲಿ ವೈರಸ್ ಔಷಧಿಯ ದದ್ದಿಗೆ ದಾರಿ ಮಾಡಿತು. ಇವರಲ್ಲಿ ಔಷಧಿಯ ದದ್ದು ವೈರಸ್ಸಿಗೆ ದಾರಿ ಮಾಡುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಕಾಯಿಲೆ ವಾರಗಟ್ಟಲೆ ಏರಿಳಿಯುತ್ತದೆ. ತಿಂಗಳುಗಳ ನಂತರ ಥೈರಾಯ್ಡ್ ಕೆಡುವುದೂ ಉಂಟು. ಸಾವಿನ ಪ್ರಮಾಣ ಶೇ 10ರವರೆಗೂ ಇದೆ. ಆದ್ದರಿಂದ ದದ್ದಿನ ಜೊತೆ ಮುಖ ಊದಿದ್ದರೆ ಮುಲಾಮಿನಲ್ಲಿ ದಿನ ಕಳೆಯದೆ ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಬೇಕು.

ವೈರಸ್ ಸೋಂಕಿತರಲ್ಲಿ ಔಷಧಿ ದದ್ದು ಎಂದಾಗ ಎಚ್‌ಐವಿಯನ್ನು ಬಿಟ್ಟು ಮಾತಾಡಲಾಗದು. ನಿಮ್ಮ ಪ್ರಶ್ನೆಯಲ್ಲಿ ಅದಿಲ್ಲ, ಆದರೂ ಈ ವಿಷಯದಲ್ಲಿ ನಾವು ಕಲಿತದ್ದರಲ್ಲಿ ಅರ್ಧ ಅಲ್ಲಿಂದಲೇ ಬಂದಿದೆ. ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಔಷಧಿಗೆ ಸಾಮಾನ್ಯ ಜನರಲ್ಲಿ ನೂರಕ್ಕೆ ಮೂರು–ನಾಲ್ಕು ಮಂದಿಗೆ ದದ್ದು ಬರುತ್ತದೆ. ಎಚ್‌ಐವಿ ಬಲಿತು ನ್ಯುಮೋನಿಯಾಕ್ಕೆಂದು ಅದೇ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಂದಿಗೆ ಬರುತ್ತಿತ್ತು. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಅಲರ್ಜಿ ಕಡಿಮೆಯಾಗಬೇಕಲ್ಲವೇ? ಆಗುವುದು ಉಲ್ಟಾ. ಹಿಡಿತ ತಪ್ಪಿದ ಟಿ ಕೋಶಗಳು ಒಂದು ಕಾರಣ. ಔಷಧಿ ಒಡೆದು ಹುಟ್ಟುವ ವಿಷಕಾರಿ ತುಣುಕುಗಳನ್ನು ತಟಸ್ಥ ಮಾಡುವ ಗ್ಲುಟಾಥಯೋನ್ ಅವರಲ್ಲಿ ಕಡಿಮೆ ಇರುವುದು ಇನ್ನೊಂದು. ಕ್ಷಯದ ಥಯಾಸಿಟಜೋನ್ ಮಾತ್ರೆಯಂತೂ 1990ರ ದಶಕದ ಆರಂಭದಲ್ಲಿ ಆಫ್ರಿಕಾದ ಎಚ್‌ಐವಿ ಸೋಂಕಿತರಲ್ಲಿ ಚರ್ಮ ಕಳಚುವ ಮಾರಕ ದದ್ದುಗಳನ್ನು ತಂದಿತು; ಅಂಥವರಿಗೆ ಅದನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಬೇಕಾಯಿತು. ಎಚ್‌ಐವಿಗೇ ಕೊಡುವ ನೆವಿರಪೀನ್ ಮಾತ್ರೆಯನ್ನು ಮೊದಲ 14 ದಿನ ದಿನಕ್ಕೊಂದೇ ಸಲ 200 ಮಿಲಿಗ್ರಾಂ ಕೊಟ್ಟು ಆಮೇಲೆ ಎರಡು ಸಲಕ್ಕೆ ಏರಿಸುವುದು ದದ್ದನ್ನು ತಗ್ಗಿಸಲೆಂದೇ. 2019ರಿಂದ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿಗೆ ಡಾಲುಟೆಗ್ರಾವಿರ್ ಎಂಬ ಬೇರೆ ಔಷಧಿಯನ್ನು ಆಧರಿಸಿದ ಚಿಕಿತ್ಸೆಯನ್ನು ಮೊದಲ ಆಯ್ಕೆಯಾಗಿ ಹೇಳುತ್ತಿದೆ. ನೆವಿರಪೀನ್ ದದ್ದು ಈಗ ಅಪರೂಪವಾಗುತ್ತ ಬಂದಿದೆ.

ಅಬಾಕವಿರ್‌ನದು ಬೇರೆಯೇ ಜಾಡು. ಅದೂ ಎಚ್‌ಐವಿಯ ಮಾತ್ರೆಯೇ. ತೆಗೆದುಕೊಂಡ ನೂರರಲ್ಲಿ ಐದರಿಂದ ಎಂಟು ಮಂದಿಗೆ, ಹೆಚ್ಚಾಗಿ ಮೊದಲ ಆರು ವಾರದಲ್ಲಿ, ಜ್ವರ, ವಾಂತಿ, ಕೆಮ್ಮು, ದದ್ದು ಬರುತ್ತಿತ್ತು. ಫ್ಲೂ ಎಂದುಕೊಂಡು ಮುಂದುವರಿಸಿದವರಿಗೆ ಪ್ರತಿ ಗುಳಿಗೆಗೂ ಹೆಚ್ಚುತ್ತಿತ್ತು. ಬಿಟ್ಟು ಮತ್ತೆ ಶುರುಮಾಡಿದವರಲ್ಲಿ ಕೆಲವರು ಸತ್ತೂ ಹೋದರು. ಎಚ್‌ಎಲ್‌ಎ-ಬಿ 5701 ಎಂಬ ಆನುವಂಶಿಕ ಗುರುತು ಇದ್ದವರಿಗಷ್ಟೇ ಇದು ಬರುತ್ತದೆ ಎಂದು ಗೊತ್ತಾಯಿತು. 2008ರಲ್ಲಿ ಪ್ರಕಟವಾದ, ಸುಮಾರು 2,000 ಮಂದಿ ಭಾಗವಹಿಸಿದ್ದ ಪ್ರಯೋಗ, ಮೊದಲೇ ರಕ್ತ ಪರೀಕ್ಷಿಸಿ ಆ ಗುರುತಿದ್ದವರಿಗೆ ಔಷಧಿ ಕೊಡದಿದ್ದರೆ ಖಚಿತಪಟ್ಟ ಪ್ರಕರಣ ಒಂದೂ ಬಾರದು ಎಂದು ತೋರಿಸಿತು. ಅಬಾಕವಿರ್ ಒಗ್ಗದವರಿಗೆ ಅದನ್ನು ಮತ್ತೆಂದೂ ಕೊಟ್ಟು ನೋಡುವಂತಿಲ್ಲ. ಕೋಟ್ರೈಮಾಕ್ಸಜೋಲ್‌ನ ಸೌಮ್ಯ ದದ್ದಿನಲ್ಲಿ ಮಾತ್ರ, ಅಗತ್ಯವಿದ್ದರೆ, ಕಣದಷ್ಟು ಪ್ರಮಾಣದಿಂದ ಶುರುಮಾಡಿ ಏರಿಸುತ್ತ ಹೋದರೆ ಬಹಳಷ್ಟು ಮಂದಿಗೆ ಒಗ್ಗಿಬಿಡುತ್ತದೆ. ಒಂದೇ ವೈರಸ್, ಎರಡು ಔಷಧಿ, ಎರಡು ಬೇರೆ ನಿಯಮ. ‘ಅಲರ್ಜಿ’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಗಂಟು ಕಟ್ಟುವುದು ನನಗೆ ಇಷ್ಟವಿಲ್ಲದಿರುವುದು ಇದಕ್ಕೇ.

ಮನೆಯಲ್ಲಿ ಯಾರಿಗಾದರೂ ಮತ್ತೆ ಹೀಗಾದರೆ? ಮೊದಲ ದಿನವೇ, ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ವೈದ್ಯರ ಬಳಿ ಹೋಗುವಷ್ಟರಲ್ಲಿ ದದ್ದು ರೂಪ ಬದಲಿಸಿರುತ್ತದೆ. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. 24 ಗಂಟೆಯೊಳಗೆ ಅದು ಆ ಜಾಗ ಬಿಟ್ಟು ಬೇರೆಡೆ ಎದ್ದರೆ ಪಿತ್ತದ ಗಂಧೆ; ಅಲ್ಲೇ ಕೂತಿದ್ದರೆ ಬೇರೆ ಏನೋ. ಶಂಕೆಯ ಔಷಧಿಯನ್ನು ನಿಲ್ಲಿಸಬೇಕೇ ಎಂದು ಬರೆದುಕೊಟ್ಟವರನ್ನು ಅಂದೇ ಕೇಳಿ. ಮೇಲೆ ಹೇಳಿದ ಅಪಾಯದ ಗುರುತು ಕಂಡರೆ ಮುಂದಿನ ಗುಳಿಗೆ ನುಂಗದೆ ನೇರ ಆಸ್ಪತ್ರೆಗೆ ಹೋಗಿ; ಚರ್ಮ ಕಳಚುವ ಕಾಯಿಲೆಯಲ್ಲಿ ಔಷಧಿ ಎಷ್ಟು ಬೇಗ ನಿಂತಿತು ಎಂಬುದರ ಮೇಲೆಯೇ ಜೀವ ನಿಂತಿರುತ್ತದೆ. ಅಪಾಯದ ಗುರುತಿಲ್ಲದಿದ್ದರೆ ಫಿಟ್ಸ್ ಮತ್ತು ಎಚ್‌ಐವಿ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ: ಫಿಟ್ಸ್ ಮರುಕಳಿಸಬಹುದು, ವೈರಸ್ ಔಷಧಿಗೆ ಜಗ್ಗದಂತಾಗಬಹುದು. ತುರಿಕೆಗೆ ಸೆಟ್ರಿಜಿನ್‌ನಂಥ ಮಾತ್ರೆ, ಮೈಗೆ ಸಾದಾ ಮಾಯಿಶ್ಚರೈಸರ್ ಸಾಕು. ಉಳಿದಿರುವ ಸ್ಟೀರಾಯ್ಡ್ ಮಾತ್ರೆಯನ್ನು ಹುಡುಕಿ ನುಂಗುವ ಅಭ್ಯಾಸ ಬೇಡ, ಅದು ರೋಗದ ಚಹರೆಯನ್ನೇ ಅಳಿಸಿಹಾಕುತ್ತದೆ. ಜ್ವರ ಯಾವ ವೈರಸ್ಸಿನದೆಂದು ತಿಳಿಯದ ದಿನಗಳಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ. ಡೆಂಗಿ ಇದ್ದರೆ ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. ಮಕ್ಕಳಲ್ಲಿ ಫ್ಲೂ, ಸೀತಾಳೆ ಸಿಡುಬಿನ ನಡುವೆ ಆಸ್ಪಿರಿನ್ ಕೊಟ್ಟರೆ ಮೆದುಳು, ಯಕೃತ್ತು ಕೆಡಿಸುವ ರೈ ಸಿಂಡ್ರೋಮ್ ಬರಬಹುದು.

ಇನ್ನು ನಿಮ್ಮ ಚೀಟಿಯ ಕೆಂಪು ಅಕ್ಷರ. ಅದನ್ನು ಹಾಗೇ ಬಿಟ್ಟರೆ ನಷ್ಟವೇನು ಎಂದು ಕೆಲವರು ಕೇಳುತ್ತಾರೆ, ‘ಬೇರೆ ಆಂಟಿಬಯಾಟಿಕ್ ಇಲ್ಲವೇ?’ ಎಂದು. ಇವೆ, ಆದರೆ ಅವು ಹೆಚ್ಚಾಗಿ ಬೇಕಾದ್ದು ಬೇಡದ್ದು ಎಲ್ಲ ಬ್ಯಾಕ್ಟೀರಿಯಾಗಳನ್ನೂ ಗುಡಿಸಿ ಹಾಕುವಂಥವು. ಬ್ರಿಟನ್ನಿನ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪೆನಿಸಿಲಿನ್ ಅಲರ್ಜಿಯ ಮುದ್ರೆ ಬಿದ್ದವರಲ್ಲಿ ಔಷಧಿಗೆ ಬಗ್ಗದ ಎಂಆರ್‌ಎಸ್‌ಎ ಸೋಂಕಿನ ಸಾಧ್ಯತೆ ಶೇ 69ರಷ್ಟು, ಕರುಳಿನ ಸಿ. ಡಿಫಿಸೈಲ್ ಸೋಂಕಿನದು ಶೇ 26ರಷ್ಟು ಹೆಚ್ಚಿತ್ತು. ಮುದ್ರೆ ಒತ್ತುವುದಕ್ಕೆ ಅರ್ಧ ನಿಮಿಷ, ಅಳಿಸುವುದಕ್ಕೆ ವರ್ಷಗಳು. ನಿಮ್ಮ ಮಗನಿಗೆ ಬಾಯಿ ಹುಣ್ಣು, ನೀರ್ಗುಳ್ಳೆ, ಮುಖದ ಊತ, ಉಸಿರಿನ ತೊಂದರೆ ಇರಲಿಲ್ಲ ಎಂದು ನಿಮ್ಮ ವಿವರಣೆಯಿಂದ ಭಾವಿಸುತ್ತೇನೆ. ಇದ್ದಿದ್ದರೆ ಮುಂದಿನ ಸಲಹೆ ಅವನಿಗೆ ಸಲ್ಲದು. ಇರಲಿಲ್ಲವಾದರೆ, ಜ್ವರ ಪೂರ್ತಿ ವಾಸಿಯಾಗಿ ಕನಿಷ್ಠ ನಾಲ್ಕರಿಂದ ಆರು ವಾರ ಕಳೆದ ಮೇಲೆ ಅಲರ್ಜಿ ತಜ್ಞರಲ್ಲಿ ಅಥವಾ ಚರ್ಮ ವೈದ್ಯರಲ್ಲಿ ಹೋಗಿ, ಅವರ ನಿಗಾದಲ್ಲಿ ಅಮಾಕ್ಸಿಸಿಲಿನ್ ಕೊಟ್ಟು ನೋಡುವ ಪರೀಕ್ಷೆ ಮಾಡಿಸಿ. ಆ ಅವಧಿ ನಿಮಗೆ ಈಗ ಮುಗಿದಿದೆ. ಸೌಮ್ಯ ದದ್ದು ಬಂದವರಿಗೆ ಚರ್ಮ ಚುಚ್ಚಿ ನೋಡದೆ ನೇರವಾಗಿ ಬಾಯಿಗೆ ಕೊಟ್ಟು ನೋಡುವುದೂ ಈಗ ಒಪ್ಪಿತ ಕ್ರಮ. ಇಂಥ ದದ್ದು ತಡವಾಗಿ ಏಳುವುದರಿಂದ ಒಂದೇ ದಿನದ ಫಲಿತಾಂಶ ಸಾಕಾಗದು. ಕೆಲವೊಮ್ಮೆ ಮೂರರಿಂದ ಏಳು ದಿನ ಕೊಟ್ಟು ನೋಡುತ್ತಾರೆ. ಮನೆಯಲ್ಲಿ ನೀವೇ ಕೊಟ್ಟು ನೋಡುವ ಸಾಹಸ ಬೇಡ. ಪರೀಕ್ಷೆ ಆಗುವವರೆಗೆ ಚೀಟಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂಬುದರ ಬದಲು ಹೀಗೆ ಬರೆಸಿ: ‘ಇಬಿವಿ ಜ್ವರದ ನಡುವೆ ಅಮಾಕ್ಸಿಸಿಲಿನ್ ಎಂಟನೆಯ ದಿನ ಕೆಂಪು ದದ್ದು, ಬಾಯಿ–ಕಣ್ಣು ಚೆನ್ನಾಗಿದ್ದವು, ಹತ್ತು ದಿನದಲ್ಲಿ ವಾಸಿ, ಅಲರ್ಜಿ ಪರೀಕ್ಷೆ ಬಾಕಿ.’ ಓದುವ ಮುಂದಿನ ವೈದ್ಯರಿಗೆ ಆ ಒಂದು ಸಾಲಿನಲ್ಲಿ ಬೇಕಾದದ್ದೆಲ್ಲ ಸಿಗುತ್ತದೆ.

ಕೊನೆಗೆ ತಂಗಿಯ ವಿಚಾರ. ಅವಳಿಗೆ ಪೆನಿಸಿಲಿನ್ ಜಾತಿಯ ಯಾವ ಔಷಧಿಯನ್ನೂ ತಡೆಯಬೇಕಿಲ್ಲ. ಅಣ್ಣನಿಗೆ ಹೀಗಾಯಿತು ಎಂಬುದು ಅವಳಿಗೆ ಲೆಕ್ಕಕ್ಕೆ ಬರುವುದಿಲ್ಲ. ಅವಳಿಗೂ ಗಂಟಲು ನೋವು, ಜ್ವರ, ಕುತ್ತಿಗೆಯ ಗಂಟು ಬಂದರೆ ಮಾತ್ರ ಅಣ್ಣನಿಗೆ ಇಬಿವಿ ಇತ್ತು ಎಂದು ವೈದ್ಯರಿಗೆ ತಿಳಿಸಿ. ಈ ವೈರಸ್ ಮೈಸೇರಿ ಜ್ವರ ಕಾಣಿಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ವಾಸಿಯಾದವರ ಎಂಜಲಿನಲ್ಲೂ ತಿಂಗಳುಗಟ್ಟಲೆ ಇರುತ್ತದೆ. ಒಡಹುಟ್ಟಿದವರ ಚರಿತ್ರೆ ನಿಜಕ್ಕೂ ಮುಖ್ಯವಾಗುವುದು ಕಾರ್ಬಮಜೆಪೀನ್, ಅಲೋಪ್ಯುರಿನಾಲ್, ಅಬಾಕವಿರ್‌ನಂಥ ಔಷಧಿಗಳಲ್ಲಿ, ಏಕೆಂದರೆ ಅಪಾಯ ತರುವ ಎಚ್‌ಎಲ್‌ಎ ಗುರುತುಗಳು ಅಪ್ಪ ಅಮ್ಮಂದಿರಿಂದ ಬರುತ್ತವೆ. ಅವುಗಳಿಂದ ಮನೆಯಲ್ಲಿ ಯಾರಿಗಾದರೂ ಚರ್ಮ ಕಳಚಿದ್ದರೆ, ಅದೇ ಔಷಧಿಯನ್ನು ತಂಗಿಗೆ ಕೊಡುವ ಮೊದಲು ಆ ಗುರುತಿನ ರಕ್ತ ಪರೀಕ್ಷೆ ಆಗಿರಬೇಕು.